ಹಿಮದ ಹಾದಿಗೆ ಟೈರು ಎರಡೋ ನಾಲ್ಕೋ?

ವಿದುರಾಶ್ವತ್ಥದಲ್ಲಿ ಕುಳಿತು ಹಿಮದ ವಿಚಾರ ಬರೆಯಹೊರಟರೆ ವಾಚಕರು ನಕ್ಕಾರು. ಗೌರಿಬಿದನೂರಿಗೆ ಸಮೀಪದಲ್ಲಿ, ಉತ್ತರ ಪಿನಾಕಿನಿಯ ದಡದಲ್ಲಿರುವ ಈ ಕ್ಷೇತ್ರವು ಹೆಸರಾಗಿರುವುದು ವಿದುರನು ನೆಟ್ಟನೆಂದು ಪ್ರತೀತಿಯುಳ್ಳ ಅಶ್ವತ್ಥಕ್ಕೆ, ಸಾಲುಸಾಲಾದ ನಾಗರಕಲ್ಲುಗಳಿಗೆ, 1938ರ ಏಪ್ರಿಲ್ 25ರ ಗೋಲಿಬಾರಿನಲ್ಲಿ ಮಡಿದವರ ನೆನಪಿಗೆ. ಮಾಗಿಯ ಚಳಿಗೆ ಇಲ್ಲಿ ಒಂದು ಕಂಬಳಿ ಹೊದ್ದರೆ ಆಯಿತು. ಚಳಿ ಬಂತೆಂದು ಗಾಡಿಯ ಟೈರು ಬದಲಾಯಿಸಿದವರನ್ನು ಯಾರೂ ಕಂಡಿಲ್ಲ. ಆದರೂ ಈ ಲೇಖನಕ್ಕೆ ವಸ್ತು ದೊರೆತದ್ದು ಇಲ್ಲಿಯೇ.

ಟೊರಾಂಟೊ ನಗರದಲ್ಲಿರುವ ನನ್ನ ತಂಗಿಯ ಮಗಳು ನಾಗಪೂಜೆಗೆಂದು ಬಂದಿದ್ದಳು. ಅಲ್ಲಿ ಅವಳು ಹೊಸದಾಗಿ ಒಂದು ಕಾರನ್ನು ಕೊಂಡಿದ್ದಾಳೆ, ಮಾಜ್ಡಾ ಎಂ.ಎಕ್ಸ್.-5 ಎಂಬ, ಇಬ್ಬರು ಮಾತ್ರ ಕೂರಬಹುದಾದ ಪುಟ್ಟ ಸ್ಪೋರ್ಟ್ಸ್ ಕಾರು. ಎಂಜಿನ್ನು ಮುಂದಿದ್ದರೂ ಅದು ತಿರುಗಿಸುವುದು ಹಿಂದಿನ ಗಾಲಿಗಳನ್ನು. ನಮ್ಮ ಹಳೆಯ ಅಂಬಾಸಿಡರ್ ಮತ್ತು ಪದ್ಮಿನಿ ಕಾರುಗಳ ಏರ್ಪಾಡೂ ಇದೇ ಆಗಿತ್ತು. ಕೆಸರಿನಲ್ಲಿ ಹಿಂದಿನ ಗಾಲಿಗಳು ಗಿರ್ರೆಂದು ತಿರುಗಿ ನಿಂತಲ್ಲೇ ನಿಂತಾಗ, ಒಳಗಿದ್ದವರೆಲ್ಲ ಇಳಿದು ನೂಕಿದ್ದನ್ನು ಹಿರಿಯ ವಾಚಕರು ಮರೆತಿರಲಾರರು.

ಊಟವಾದ ಮೇಲೆ ಜಗಲಿಯಲ್ಲಿ ಮಾತು ಹೊರಟಿತು. ಚಳಿಗಾಲಕ್ಕೆ ಬೇರೆ ಟೈರು ಹಾಕಿಸಬೇಕು, ಅದು ದುಬಾರಿಯ ಬಾಬತ್ತು ಎಂದಳು.

“ಎಂಜಿನ್ನು ತಿರುಗಿಸುವುದು ಹಿಂದಿನ ಎರಡು ಗಾಲಿಗಳನ್ನು ಮಾತ್ರ ತಾನೆ ಮಾವ? ಆ ಎರಡಕ್ಕೆ ಹಾಕಿಸಿದರೆ ಸಾಕು. ಅರ್ಧ ಹಣ ಉಳಿಯುತ್ತದೆ.”

ತಂಗಿಯ ಮುಖ ಬಾಡಿತು. ಮಗಳು ಹಿಮದಲ್ಲಿ ಕಾರು ಓಡಿಸುತ್ತಾಳೆಂಬುದೇ ಅವಳಿಗೆ ಒಂದು ಚಿಂತೆ. ಅದರಲ್ಲಿಯೂ ಅರ್ಧ ಉಳಿತಾಯವೆಂದರೆ! ಅವಳಿರುವ ಒಂಟಾರಿಯೊ ಪ್ರಾಂತದಲ್ಲಿ ಇಂಥ ಟೈರು ಕಡ್ಡಾಯವಲ್ಲ. ನೆರೆಯ ಕ್ವಿಬೆಕ್‌ನಲ್ಲಾದರೋ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಕಡ್ಡಾಯ. ಕಾನೂನು ಸುಮ್ಮನಿರುವಲ್ಲಿ ಉಳಿಯುವುದು ಅವರವರ ವಿವೇಕ.

ನಮ್ಮಣ್ಣ ಅದುವರೆಗೂ ಎಲೆಯಡಿಕೆ ಹಾಕುತ್ತ ಮೌನವಾಗಿದ್ದವನು, “ಬಾಮ್ಮ, ಒಂದು ವಸ್ತು ತೋರಿಸುತ್ತೇನೆ” ಎಂದು ಎದ್ದ. ಹಿತ್ತಲಿನಲ್ಲಿ ಅವನ ಟ್ರ್ಯಾಕ್ಟರು ನಿಂತಿತ್ತು. ಅದರ ಎಂಜಿನ್ನು ತಿರುಗಿಸುವುದೂ ಹಿಂದಿನ ಗಾಲಿಗಳನ್ನೇ. ಆಳೆತ್ತರದ ಆ ಟೈರುಗಳ ಮೇಲೆ ಮಣ್ಣನ್ನು ಕಚ್ಚಿ ಒದೆಯುವ ದಪ್ಪ ಹಲ್ಲುಗಳು. ಮುಂದಿನ ಸಣ್ಣ ಟೈರುಗಳಲ್ಲಿ ಹಲ್ಲಿಲ್ಲ. ಸುತ್ತಲೂ ಉದ್ದಕ್ಕೆ ಸಾಗಿದ ಏಣುಗಳು ಮಾತ್ರ.

“ಎಳೆಯದ ಗಾಲಿಗೆ ಈ ಏಣು ಯಾಕೆ ಹೇಳು? ಕೆಸರುಗದ್ದೆಯಲ್ಲಿ ಸ್ಟಿಯರಿಂಗ್ ತಿರುಗಿಸಿದಾಗ ಈ ಏಣು ಮಣ್ಣಿಗೆ ಇಳಿದು ಪಕ್ಕಕ್ಕೆ ಒತ್ತಬೇಕು. ಅದು ಸವೆದಿದ್ದರೆ ಗಾಲಿ ತಿರುಗಿರುತ್ತದೆ, ಗಾಡಿ ಮಾತ್ರ ನೆಟ್ಟಗೆ ಬದುವಿಗೆ ಹೋಗಿ ನುಗ್ಗುತ್ತದೆ. ಹಿಂದಿನದು ಎಷ್ಟು ಬಲವಾಗಿ ನೂಕಿದರೆ ಅಷ್ಟು ಬೇಗ!”

ಇದಕ್ಕಿಂತ ಚೆನ್ನಾಗಿ ಯಾವ ಎಂಜಿನಿಯರೂ ಹೇಳಲಾರನೆಂದು ನನ್ನ ಭಾವನೆ. ಹೊರಡುವ ಕೆಲಸ ಹಿಂದಿನ ಗಾಲಿಗಳದಾದರೂ ತಿರುಗುವ ಕೆಲಸ ಮುಂದಿನವುಗಳದು. ನಿಲ್ಲುವ ಕೆಲಸ ನಾಲ್ಕರದೂ. ಬ್ರೇಕು ಒತ್ತಿದೊಡನೆ ಕಾರಿನ ಭಾರ ಮುಂದಕ್ಕೆ ವಾಲುವುದರಿಂದ ಆಗ ಮುಂದಿನ ಟೈರುಗಳ ಪಾಲೇ ಹೆಚ್ಚು. ಹಿಂದೆ ಮಾತ್ರ ಹಿಮದ ಟೈರಿದ್ದರೆ ಕಾರು ಸಲೀಸಾಗಿ ಹೊರಡುತ್ತದೆ, ಚಾಲಕಿಗೆ ಧೈರ್ಯವೂ ಬರುತ್ತದೆ. ಮೊದಲನೆಯ ತಿರುವಿನಲ್ಲಿ ಆ ಧೈರ್ಯ ಸುಳ್ಳಾಗುತ್ತದೆ. ಮುಂದೆ ಮಾತ್ರ ಹಾಕಿಸಿದರೆ ಹಿಂಭಾಗವು ಜಾರಿ ಕಾರು ಬುಗುರಿಯಂತೆ ಸುತ್ತೀತು. ಜಾರುವಿಕೆಯನ್ನು ತಡೆಯುವ ವಿದ್ಯುನ್ಮಾನ ಸಾಧನಗಳು ಈಗಿನ ಕಾರುಗಳಲ್ಲಿವೆ, ನಿಜ. ಆದರೆ ಟೈರಿನಲ್ಲಿಲ್ಲದ ಹಿಡಿತವನ್ನು ಅವು ಸೃಷ್ಟಿಸಲಾರವು.

ಇನ್ನು, ಕಾರಿನೊಡನೆ ಬಂದ ಟೈರಿಗೆ ಏನು ಕೊರತೆ? ಕೊರತೆಯಿರುವುದು ರಬ್ಬರಿನ ಗುಣದಲ್ಲಿ. ಸ್ಪೋರ್ಟ್ಸ್ ಕಾರಿನ ಬೇಸಗೆಯ ಟೈರು ಬಿಸಿ ರಸ್ತೆಯಲ್ಲಿ ಅಂಟಿದಂತೆ ಓಡುತ್ತದೆ. ಉಷ್ಣತೆ ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಇಳಿದರೆ ಅದೇ ರಬ್ಬರು ಬಿಗಿಯತೊಡಗುತ್ತದೆ. ಹಿಮ ಬೀಳದಿದ್ದರೂ ಹಿಡಿತ ಕುಗ್ಗುತ್ತದೆ. ಚಳಿಗಾಲದ ಟೈರಿನ ರಬ್ಬರು ಕೊರೆಯುವ ಚಳಿಯಲ್ಲಿಯೂ ಮೆತ್ತಗಿರುವಂತೆ ಹದಮಾಡಿದ್ದು. ಅದರ ಮೈಮೇಲೆ ಕೂದಲೆಳೆಯಂಥ ನೂರಾರು ಸೀಳುಗಳು. ಅವುಗಳ ಅಂಚು ಮಂಜುಗಡ್ಡೆಯನ್ನು ಕೆರೆದು ಹಿಡಿಯುತ್ತವೆ. ಆಳವಾದ ಕಾಲುವೆಗಳಲ್ಲಿ ಹಿಮ ತುಂಬಿಕೊಳ್ಳುತ್ತದೆ, ಹಾಗೆ ತುಂಬಿದ ಹಿಮವೇ ರಸ್ತೆಯ ಹಿಮವನ್ನು ಕಚ್ಚುತ್ತದೆ. ಈ ವಿದ್ಯೆಗೆ ಮೊದಲಿಗರು ಫಿನ್‌ಲೆಂಡಿನವರು. ನೋಕಿಯಾದವರು 1934ರಲ್ಲಿ ಲಾರಿಗಳಿಗೂ 1936ರಲ್ಲಿ ಕಾರುಗಳಿಗೂ ಹಿಮದ ಟೈರು ತಯಾರಿಸಿದರು.

ಕೊಳ್ಳುವಾಗ ಟೈರಿನ ಪಕ್ಕದ ಗೋಡೆಯನ್ನು ಓದಬೇಕು. ಮೂರು ಶಿಖರಗಳ ಬೆಟ್ಟದೊಳಗೆ ಹಿಮದ ಹಳಕಿನ ಚಿತ್ರವಿದ್ದರೆ ಅದು ಹಿಮದ ಪರೀಕ್ಷೆಯಲ್ಲಿ ತೇರ್ಗಡೆಯಾದ ಟೈರು. ಬರಿಯ ಎಂ ಮತ್ತು ಎಸ್ ಅಕ್ಷರಗಳಿದ್ದರೆ ಸಾಲದು, ಅವು ಪರೀಕ್ಷೆಯ ಗುರುತಲ್ಲ. ತಯಾರಿಕೆಯ ಅಂಕಿ 3623 ಎಂದಿದ್ದರೆ 2023ನೆಯ ಇಸವಿಯ 36ನೆಯ ವಾರದ್ದೆಂದು ತಿಳಿಯಬೇಕು. ಅಂಗಡಿಯಲ್ಲಿ ವರ್ಷಗಟ್ಟಲೆ ಮಲಗಿದ್ದ ಮಾಲು ಬೇಡ. ಸ್ಪೋರ್ಟ್ಸ್ ಕಾರಿನವರಿಗೆ ಅಗಲ ಟೈರಿನ ಮೋಹವಿರುತ್ತದೆ. ಹಿಮಕ್ಕೆ ಆ ಮೋಹ ಸಲ್ಲದು. ಅಗಲ ಟೈರು ಹಿಮದ ಮೇಲೆ ತೇಲುತ್ತದೆ, ಕಿರಿದಾದದ್ದು ಸೀಳಿಕೊಂಡು ಇಳಿಯುತ್ತದೆ. ಅವಳ ಕಾರಿನಲ್ಲಿದ್ದವು 17 ಅಂಗುಲದ ಚಕ್ರಗಳು, 205 ಮಿಲಿಮೀಟರ್ ಅಗಲದ ಟೈರುಗಳು. ಅದೇ ಮಾದರಿಗೆ ಕಂಪನಿಯೇ ಅಳವಡಿಸುವ 16 ಅಂಗುಲದ ಚಕ್ರಕ್ಕೆ 195 ಮಿಲಿಮೀಟರಿನದು ಸಾಕು. ಬೇರೆ ಚಕ್ರಗಳಿಗೇ ಹಿಮದ ಟೈರು ಕೂಡಿಸಿಟ್ಟರೆ ಪ್ರತಿ ವರ್ಷ ಬಿಚ್ಚಿ ಹಾಕುವ ಖರ್ಚೂ ತಗ್ಗುತ್ತದೆ. ಒಂದು ಜೊತೆ ಓಡುವಾಗ ಇನ್ನೊಂದು ಸವೆಯುವುದಿಲ್ಲವಷ್ಟೆ! ಈ ಲೆಕ್ಕ ಕೇಳಿದ ಮೇಲೆಯೇ ನಮ್ಮ ಹುಡುಗಿಯ ಮುಖ ಅರಳಿದ್ದು.

ನವೆಂಬರಿನಲ್ಲಿ ಅವಳ ಫೋನು ಬಂತು. ನಾಲ್ಕೂ ಹಾಕಿಸಿದ್ದಳು. ವಿಮೆಯಲ್ಲಿಯೂ ಸ್ವಲ್ಪ ರಿಯಾಯಿತಿ ಸಿಕ್ಕಿತಂತೆ. 2016ರಿಂದ ಅಲ್ಲಿನ ವಿಮೆಯವರು ಅದನ್ನು ಕೊಡಲೇಬೇಕು. ತಂಗಿ ಆ ರಾತ್ರಿ ನೆಮ್ಮದಿಯಾಗಿ ಮಲಗಿದಳು.

ಫೋನಿಡುವ ಮುನ್ನ ಹುಡುಗಿ, “ದೊಡ್ಡ ಮಾವನ ಟ್ರ್ಯಾಕ್ಟರಿನ ಮುಂದಿನ ಟೈರಿನಲ್ಲಿ ಏಣೇ ಉಳಿದಿರಲಿಲ್ಲವಲ್ಲ, ಬದಲಾಯಿಸಿದರೆ?” ಎಂದು ಕೇಳಿದಳು. ಅಣ್ಣ ಕೇಳಿಸದವನಂತೆ ಎದ್ದು ಹೋದ. ಮರುದಿನ ಗೌರಿಬಿದನೂರಿನಿಂದ ಅವನು ಮರಳಿದಾಗ ಆಟೋದಲ್ಲಿ ಎರಡು ಹೊಸ ಟೈರುಗಳಿದ್ದವು.