ಗುಜರಿ ಅಂಗಡಿಯಿಂದ ಪಿಎಚ್.ಡಿ.ವರೆಗೆ: ಒಂದು ಪಾಠದ ತಿದ್ದುಪಡಿ

ಹಳಿಯಾಳ ತಾಲ್ಲೂಕಿನ ಒಂದು ಪ್ರೌಢಶಾಲೆ. ಹತ್ತನೇ ತರಗತಿಗೆ ‘ಲೋಹಗಳು ಮತ್ತು ಅಲೋಹಗಳು’ ಘಟಕದ ಅಭ್ಯಾಸ ಪಾಠ ನಡೆದಿತ್ತು. ನಾನು ಹಿಂದೆ ಕುಳಿತು ವೀಕ್ಷಣಾ ನಮೂನೆ ತುಂಬುತ್ತಿದ್ದೆ. “ಲೋಹವನ್ನು ಎಷ್ಟು ಸಲ ಕರಗಿಸಿದರೂ ಮೊದಲಿನಂತೆಯೇ ಉಳಿಯುತ್ತದೆ” ಎಂದು ನಮ್ಮ ಪ್ರಶಿಕ್ಷಣಾರ್ಥಿ ಪಾಠ ಮುಗಿಸುವಷ್ಟರಲ್ಲಿ ಹುಡುಗಿಯೊಬ್ಬಳು ಎದ್ದಳು: “ಹಂಗಾದ್ರ ಗುಜರಿಯಾಂವ ಕಬ್ಬಿಣಕ್ಕ ಒಂದು, ಮೋಟರಿಗೆ ಒಂದು ರೇಟ್ ಯಾಕ ಹಚ್ಚತಾನ್ರಿ ಟೀಚರ್? ಎಲ್ಲಾ ಕೂಡಿಸಿ ಕರಗಿಸಿದ್ರ ಆಗೂದಿಲ್ಲೇನ್ರಿ?”

ಪ್ರಶಿಕ್ಷಣಾರ್ಥಿ ನನ್ನ ಕಡೆ ನೋಡಿದರು. ಆ ತಪ್ಪು ವಾಕ್ಯವಿದ್ದ ಪಾಠಯೋಜನೆಗೆ ಸಹಿ ಹಾಕಿದವನು ನಾನೇ.

ಉತ್ತರ ಅದೇ ಘಟಕದಲ್ಲಿತ್ತು. ಕ್ರಿಯಾಶೀಲತಾ ಸರಣಿಯನ್ನು ನಾವು ಬಾಯಿಪಾಠ ಮಾಡಿಸಿ ಬಿಡುತ್ತೇವೆ. ಉಕ್ಕಿನ ಗುಜರಿಯನ್ನು ಕುಲುಮೆಯಲ್ಲಿ ಕರಗಿಸಿ ಆಕ್ಸಿಜನ್ ಹಾಯಿಸಿದಾಗ ಕಬ್ಬಿಣಕ್ಕಿಂತ ಹೆಚ್ಚು ಕ್ರಿಯಾಶೀಲವಾದ ಅಲ್ಯೂಮಿನಿಯಂ, ಮ್ಯಾಂಗನೀಸ್‌ಗಳು ಮೊದಲು ಉತ್ಕರ್ಷಣಗೊಂಡು ಕಿಟ್ಟಕ್ಕೆ ಸೇರುತ್ತವೆ. ತಾಮ್ರ ಸರಣಿಯಲ್ಲಿ ಕಬ್ಬಿಣಕ್ಕಿಂತ ಕೆಳಗಿದೆ. ಅದು ಉಕ್ಕಿನಲ್ಲೇ ಉಳಿಯುತ್ತದೆ. ಮೋಟರಿನ ಸುರುಳಿಯಿಂದ ಬಂದ ತಾಮ್ರ ಹೆಚ್ಚಾದರೆ, ಬಿಸಿ ಉಕ್ಕನ್ನು ಹಾಳೆಯಾಗಿ ಒತ್ತುವಾಗ ಮೇಲ್ಮೈ ಬಿರುಕು ಬಿಡುತ್ತದೆ. ಸಾರಿಗೆ ಉಪ್ಪು ಹೆಚ್ಚಾದರೆ ನೀರು ಬೆರೆಸುತ್ತೇವಲ್ಲ, ಕಾರ್ಖಾನೆಯವರೂ ಹಾಗೆಯೇ ಅದಿರಿನಿಂದ ತೆಗೆದ ಹೊಸ ಕಬ್ಬಿಣ ಸೇರಿಸಿ ತಾಮ್ರದ ಪ್ರಮಾಣ ತಗ್ಗಿಸುತ್ತಾರೆ. ಗುಜರಿಯವನು ಮೋಟರನ್ನು ಬೇರೆ ಇಡುವುದಕ್ಕೆ ತಾಮ್ರದ ಬೆಲೆ ಒಂದು ಕಾರಣ, ಇದು ಇನ್ನೊಂದು.

ಅಲ್ಯೂಮಿನಿಯಂನದು ಇನ್ನೂ ಕಷ್ಟ. ಅದಿರಿನಿಂದ ತೆಗೆಯಲು ಬೇಕಾದ ಶಕ್ತಿಯ ಸುಮಾರು ಶೇ. 5ರಷ್ಟರಲ್ಲೇ ಗುಜರಿಯನ್ನು ಕರಗಿಸಬಹುದು, ನಿಜ. ಆದರೆ ಅದು ತಾನೇ ತುಂಬಾ ಕ್ರಿಯಾಶೀಲ. ಅದರಲ್ಲಿ ಬೆರೆತ ಕಬ್ಬಿಣ, ಸಿಲಿಕಾನ್‌ಗಳನ್ನು ಉತ್ಕರ್ಷಿಸಿ ತೆಗೆಯಲಾಗದು. ಕಿಟಕಿ ಚೌಕಟ್ಟು, ಎಂಜಿನ್ ಭಾಗ ಎಲ್ಲ ಕೂಡಿಸಿ ಕರಗಿಸಿದರೆ ಮತ್ತೆ ಚೌಕಟ್ಟು ಮಾಡುವ ಲೋಹ ಸಿಗುವುದಿಲ್ಲ, ಹೆಚ್ಚೆಂದರೆ ಎಂಜಿನ್ನಿನ ಎರಕಕ್ಕೆ ಬರುತ್ತದೆ. ಕಲಬೆರಕೆಯನ್ನು ಸಹಿಸಿಕೊಂಡೂ ಗಟ್ಟಿಯಾಗಿರುವ ಮಿಶ್ರಲೋಹವನ್ನು ರೂಪಿಸುವುದು ಹೇಗೆ? ಇಂದು ಲೋಹಶಾಸ್ತ್ರದಲ್ಲಿ ಪಿಎಚ್.ಡಿ.ಗೆ ತೆರೆದಿರುವ ದೊಡ್ಡ ಪ್ರಶ್ನೆಗಳಲ್ಲಿ ಇದೊಂದು.

ಮ್ಯಾಂಗನೀಸ್ ನಮ್ಮ ಮನೆಯಂಗಳದ ವಿಷಯ. ಹಿಂದೆ ಸೂಪಾ ಎಂದು ಕರೆಯುತ್ತಿದ್ದ ಜೋಯಿಡಾ ತಾಲ್ಲೂಕಿನ ನೆಲದಲ್ಲಿ ಅದರ ಅದಿರಿದೆ. ದಾಂಡೇಲಿಯಲ್ಲಿ ಫೆರೋಮ್ಯಾಂಗನೀಸ್ ತಯಾರಾಗುತ್ತಿತ್ತು. 1882ರಲ್ಲಿ ರಾಬರ್ಟ್ ಹ್ಯಾಡ್‌ಫೀಲ್ಡ್ ಉಕ್ಕಿಗೆ ಸುಮಾರು ಶೇ. 12ರಷ್ಟು ಮ್ಯಾಂಗನೀಸ್ ಸೇರಿಸಿ, ಪೆಟ್ಟು ಬಿದ್ದಷ್ಟೂ ಗಟ್ಟಿಯಾಗುವ ಉಕ್ಕು ಮಾಡಿದ. ರೈಲು ಹಳಿ ಕೂಡುವಲ್ಲಿ ಇಂದಿಗೂ ಅದೇ ಬೇಕು. ಬ್ಯಾಟರಿಯ ಸೆಲ್ ಒಳಗಿನ ಕಪ್ಪು ಪುಡಿಯಲ್ಲಿಯೂ ಮ್ಯಾಂಗನೀಸ್ ಡೈಆಕ್ಸೈಡ್ ಇದೆ, ಅದರ ಹೊರಗಿನ ಡಬ್ಬಿ ಸತು. ಕಾಡಂಚಿನ ಊರುಗಳಲ್ಲಿ ಸತ್ತ ಸೆಲ್ಲುಗಳು ತಿಪ್ಪೆಗೆ ಬೀಳುತ್ತವೆ. ಅವುಗಳಿಂದಲೂ ಉಕ್ಕಿನ ಕಿಟ್ಟದಿಂದಲೂ ಮ್ಯಾಂಗನೀಸ್ ಮರಳಿ ಪಡೆಯುವುದು ರಸಾಯನಶಾಸ್ತ್ರ ಓದಿದವರೂ ಕೈಹಾಕಬಹುದಾದ ಸಂಶೋಧನೆ.

ಇದನ್ನು ಒತ್ತಿ ಹೇಳಲು ಕಾರಣವಿದೆ. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡಿನಿಂದ ಎಂ.ಎಸ್ಸಿ. ಮುಗಿಸಿ ಬಿ.ಇಡಿ.ಗೆ ಬರುವವರು ಟಿಇಟಿ ಬಿಟ್ಟರೆ ಬೇರೆ ದಾರಿಯೇ ಇಲ್ಲವೆಂದುಕೊಳ್ಳುತ್ತಾರೆ. ಸುರತ್ಕಲ್ಲಿನ ಎನ್‌ಐಟಿಕೆಯಲ್ಲಿ ಲೋಹ ಮತ್ತು ವಸ್ತು ಎಂಜಿನಿಯರಿಂಗ್ ವಿಭಾಗವಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಸ್ತು ಎಂಜಿನಿಯರಿಂಗ್ ವಿಭಾಗವಿದೆ. ಪಕ್ಕದ ಧಾರವಾಡದಲ್ಲೇ 2016ರಿಂದ ಐಐಟಿ ಇದೆ. ಜಮ್‌ಶೆಡ್‌ಪುರದ ರಾಷ್ಟ್ರೀಯ ಲೋಹಶಾಸ್ತ್ರ ಪ್ರಯೋಗಾಲಯ ದೂರವಾದರೂ ಮರುಬಳಕೆಗೆ ಹೆಸರಾದದ್ದು. ಸಿಎಸ್‌ಐಆರ್-ಯುಜಿಸಿ ನೆಟ್‌ನಲ್ಲಿ ಜೆಆರ್‌ಎಫ್ ಪಡೆದರೆ 2023ರಿಂದ ತಿಂಗಳಿಗೆ 37,000 ರೂಪಾಯಿ, ಜೊತೆಗೆ ಮನೆ ಬಾಡಿಗೆ ಭತ್ಯೆ. ಯಾವ ವಿಭಾಗ ಯಾವ ವಿಷಯದ ಎಂ.ಎಸ್ಸಿ.ಯವರನ್ನು ತೆಗೆದುಕೊಳ್ಳುತ್ತದೆ, ವಯೋಮಿತಿ ಎಷ್ಟು ಎಂಬುದನ್ನು ಆಯಾ ವರ್ಷದ ಪ್ರಕಟಣೆಯಲ್ಲಿ ಓದಬೇಕು. ಗೆಳೆಯರು ಹೇಳಿದ್ದನ್ನು ನಂಬಿ ಕೂರಬಾರದು.

ಮರುದಿನ ಪಾಠವನ್ನು ತಿದ್ದಿ ಮತ್ತೆ ಮಾಡಿದೆವು. ತಾಮ್ರದ ಸಲ್ಫೇಟ್ ದ್ರಾವಣದಲ್ಲಿ ಕಬ್ಬಿಣದ ಮೊಳೆ ಇಳಿಬಿಟ್ಟೆವು. ಮೊಳೆ, ತಂತಿ, ಡಬ್ಬಿಗಳ ರಾಶಿಗೆ ಆಯಸ್ಕಾಂತ ಹಿಡಿದೆವು. ಹಳೆಯ ಚಿಕ್ಕ ಮೋಟರು ಕಬ್ಬಿಣದ ಕವಚದಿಂದಾಗಿ ತಾಮ್ರದ ಸಮೇತ ಅಂಟಿಕೊಂಡು ಬಂತು. ಸೆಲ್ ಒಡೆಯುವುದನ್ನು ಮಕ್ಕಳಿಗೆ ಬಿಡಲಿಲ್ಲ, ಚಿತ್ರದಲ್ಲೇ ತೋರಿಸಿದೆವು.

ಆ ಹುಡುಗಿ ಮೋಟರನ್ನು ತಿರುಗಿಸಿ ನೋಡಿ, “ಕರಗಸೂಕಿಂತ ಮೊದಲ ಇದರಾಗಿನ ತಾಮ್ರ ಅಷ್ಟ ಬಿಡಿಸೂ ಮಷಿನ್ ಐತೇನ್ರಿ?” ಎಂದಳು. ಪ್ರಶಿಕ್ಷಣಾರ್ಥಿ ಈ ಸಲ ನನ್ನತ್ತ ನೋಡಲಿಲ್ಲ. “ಚೂರು ಮಾಡಿ ವಿಂಗಡಿಸುವ ಯಂತ್ರಗಳಿವೆ, ಪೂರ್ತಿ ಬಿಡಿಸಲು ಅವಕ್ಕೂ ಆಗಿಲ್ಲ, ಅದರ ಮೇಲೆ ಇನ್ನೂ ಸಂಶೋಧನೆ ನಡೆದಿದೆ” ಎಂದು ಹೇಳಿ, ಪ್ರಶ್ನೆಯನ್ನು ಕರಿಹಲಗೆಯ ಮೂಲೆಯಲ್ಲಿ ಬರೆದರು.