ಬರಿಗೈಯಲ್ಲಿ ಕೀಳಬೇಡಿ ಕಾಂಗ್ರೆಸ್ ಕಸ

ಮುಂಗಾರಿನ ಎರಡು ಮಳೆ ಬಿದ್ದರೆ ಸಾಕು, ಕಲಬುರಗಿಯ ಖಾಲಿ ನಿವೇಶನಗಳಲ್ಲಿ, ಚರಂಡಿಯ ದಂಡೆಯಲ್ಲಿ, ಹುಮನಾಬಾದ್ ರಸ್ತೆಗುಂಟ ಕಮಲಾಪುರದತ್ತ ಹಸಿರು ಮೂಡುತ್ತದೆ. ದೂರದಿಂದ ಕಣ್ಣಿಗೆ ತಂಪು. ಹತ್ತಿರ ಹೋದರೆ ಅದರಲ್ಲಿ ಬಹುಪಾಲು ಪಾರ್ಥೇನಿಯಂ. ಜನರ ಬಾಯಲ್ಲಿ ಕಾಂಗ್ರೆಸ್ ಕಸ. ಆ ಹೆಸರು ಬಂದುದಕ್ಕೆ ಊರಿಗೊಂದು ಕತೆ, ಅದಿರಲಿ. ಅಮೆರಿಕ ಖಂಡ ಇದರ ತವರು. 1950ರ ದಶಕದ ನಡುವೆ ಪುಣೆಯಲ್ಲಿ ಸಸ್ಯವಿಜ್ಞಾನಿಗಳ ಕಣ್ಣಿಗೆ ಬಿದ್ದದ್ದು, ಇಂದು ದೇಶವನ್ನೇ ಆವರಿಸಿದೆ.

ಶಾಲೆಯ ಶ್ರಮದಾನದಲ್ಲಿ ಇದನ್ನು ಕೀಳುವ ಕೆಲಸ ಮಕ್ಕಳ ಪಾಲಿಗೆ ಬರುವುದುಂಟು. ಪಾಲಕರು ಎಚ್ಚರ ವಹಿಸಬೇಕಾದದ್ದು ಇಲ್ಲೇ. ಗಿಡದಲ್ಲಿರುವ ಪಾರ್ಥೆನಿನ್ ಎಂಬ ವಿಷ ಮತ್ತೆ ಮತ್ತೆ ಚರ್ಮಕ್ಕೆ ತಾಗಿದರೆ ಕೆಲವರಿಗೆ ಅಲರ್ಜಿ ಹತ್ತುತ್ತದೆ. ಮುಖ, ಕುತ್ತಿಗೆ, ಮೊಣಕೈ ಮಡಿಕೆಗಳಲ್ಲಿ ತುರಿಕೆ, ದದ್ದು. ಒಮ್ಮೆ ಅಂಟಿಕೊಂಡ ಈ ಅಲರ್ಜಿ ಸುಲಭಕ್ಕೆ ಬಿಡುವುದಿಲ್ಲ. ಗಿಡ ಮುಟ್ಟದಿದ್ದರೂ ಗಾಳಿಯಲ್ಲಿ ತೇಲಿ ಬಂದ ಅದರ ಪುಡಿಯೇ ಸಾಕು. ಪರಾಗದಿಂದ ಸೀನು, ಉಬ್ಬಸ ಬೇರೆ. ಮೇವಿನೊಂದಿಗೆ ತಿಂದ ಎಮ್ಮೆಯ ಹಾಲೂ ಕಹಿ.

ಬಿಳಿ ಹೂ ಬಿಟ್ಟಾಗ ಎಲ್ಲರೂ ಗುರುತಿಸುತ್ತಾರೆ. ಆದರೆ ಅಷ್ಟರಲ್ಲಿ ಕಾಲ ಮೀರಿರುತ್ತದೆ. ಗುರುತಿಸಬೇಕಾದದ್ದು ಎಳೆಯ ಗಿಡವನ್ನು. ಆಗ ಕಾಂಡವೇ ಇರುವುದಿಲ್ಲ. ಗಜ್ಜರಿ ಸೊಪ್ಪಿನಂತೆ ಸೀಳುಸೀಳಾದ ಎಲೆಗಳು ನೆಲಕ್ಕೆ ಅಂಟಿ ಚಕ್ರಾಕಾರವಾಗಿ ಹರಡಿರುತ್ತವೆ. ಸೇವಂತಿ ಸಸಿಯೆಂದು ಮೋಸ ಹೋಗುವವರೂ ಇದ್ದಾರೆ. ಕಾಂಡ ಎದ್ದ ಮೇಲೆ ಅದರ ಮೇಲೆ ಉದ್ದುದ್ದ ಗೆರೆ, ಸಣ್ಣ ರೋಮ ಕಾಣುತ್ತವೆ. ಮೊಳೆತು ಒಂದೆರಡು ತಿಂಗಳೊಳಗೇ ಹೂ. ಒಂದೇ ಗಿಡ ಹತ್ತು ಸಾವಿರಕ್ಕೂ ಹೆಚ್ಚು ಬೀಜ ಉದುರಿಸಬಲ್ಲದು. ಆ ಬೀಜ ಮಣ್ಣಲ್ಲಿ ವರ್ಷಗಟ್ಟಲೆ ಕಾಯುತ್ತದೆ. ಒಂದು ದಿನದ ಶ್ರಮದಾನ ಫೋಟೊಕ್ಕಷ್ಟೇ ಸಾಲುತ್ತದೆ.

ಮಳೆ ನಿಂತು ನೆಲ ಹಸಿಯಿರುವಾಗ, ಹೂ ಬರುವ ಮೊದಲು, ಬೇರುಸಹಿತ ಕೀಳಬೇಕು. ಮೇಲಷ್ಟೇ ಕೊಯ್ದರೆ ಬುಡದಿಂದ ಮತ್ತೆ ಚಿಗುರುತ್ತದೆ. ಕೈಗವಸು ಇಲ್ಲದಿದ್ದರೆ ದಪ್ಪ ಪ್ಲಾಸ್ಟಿಕ್ ಚೀಲವನ್ನಾದರೂ ಕೈಗೆ ಸುತ್ತಿ, ತುಂಬುತೋಳಿನ ಅಂಗಿ ತೊಟ್ಟು, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಅಲರ್ಜಿ, ಉಬ್ಬಸ ಇರುವ ಮಕ್ಕಳು ಅತ್ತ ಸುಳಿಯುವುದೇ ಬೇಡ. ಹೂ ಬಿಡದ ಗಿಡ ಗೊಬ್ಬರದ ಗುಂಡಿಗೆ ಸಲ್ಲುತ್ತದೆ, ಹೂ ಬಿಟ್ಟದ್ದು ಸಲ್ಲದು. ತೆರವಾದ ಜಾಗದಲ್ಲಿ ತಗಚೆ ಒತ್ತಾಗಿ ಬೆಳೆದರೆ ಈ ಕಳೆಗೆ ತಲೆ ಎತ್ತುವುದು ಕಷ್ಟ.

ಸಹಾಯಕ್ಕೆ ಒಂದು ಹುಳವೂ ಇದೆ. 1983ರಲ್ಲಿ ಮೆಕ್ಸಿಕೊದಿಂದ ಬೆಂಗಳೂರಿಗೆ ತಂದು, ಪರೀಕ್ಷಿಸಿ, 1984ರಲ್ಲಿ ಬಯಲಿಗೆ ಬಿಟ್ಟ ದುಂಬಿ. ಕೆನೆಬಣ್ಣದ ಬೆನ್ನ ಮೇಲೆ ಕಂದು ಗೆರೆ. ಎಲೆಯನ್ನೆಲ್ಲ ತಿಂದು ಗಿಡವನ್ನು ಬೋಳು ಮಾಡುತ್ತದೆ. ಕಂಡರೆ ಹೊಸಕಬೇಡಿ. ಆದರೆ ಅದರ ದುಡಿಮೆ ಮಳೆಗಾಲದ್ದು. ಮಳೆ ಮುಗಿದರೆ ಮಣ್ಣೊಳಗೆ ಹೊಕ್ಕು ಮಲಗುತ್ತದೆ. ಕಳೆಗೆ ಮಾತ್ರ ತೇವ ಸಿಕ್ಕರೆ ಬೇಸಿಗೆಯೂ ಒಂದೇ. ಕಮಲಾಪುರದ ಕೆಂಪು ಬಾಳೆಯಂಥ ನೀರಾವರಿ ತೋಟದ ಬದುಗಳಲ್ಲಿ ಆಗ ಕೈಗವಸು ತೊಟ್ಟ ಕೈಯೇ ಗತಿ.