ಎರಡನೆಯ ಸ್ಥಾನ ಬೇಡವೆಂದ ಚಾಲಕ

ತೊಂಬತ್ತು ಸ್ಪರ್ಧೆಗಳು, ಒಂದೇ ಒಂದು ಮೂರನೆಯ ಸ್ಥಾನ, ಒಟ್ಟು 44 ಅಂಕಗಳು. ಜಪಾನಿನ ಕಾರು ಪಂದ್ಯಗಳ ಚಾಲಕ ತಕುಮಾ ಸಾತೊ ಅವರು 2002ರಿಂದ 2008ರವರೆಗೆ ಫಾರ್ಮುಲಾ ಒನ್‌ನಲ್ಲಿ ಗಳಿಸಿದ್ದು ಇಷ್ಟೆ. ಈ ಅಂಕಿ-ಅಂಶಗಳನ್ನು ಒಂದು ಕಡತದಲ್ಲಿಟ್ಟು ಮಂಡಿಸಿದ್ದರೆ, ಸರ್ಕಾರಿ ಕಚೇರಿಯ ಪರಿಪಾಠದಂತೆ ಅದರ ಮೇಲೆ ಬೀಳಬಹುದಾಗಿದ್ದ ಷರಾ ಯಾವುದೆಂದು ಊಹಿಸುವುದು ನನಗೆ ಕಷ್ಟವಲ್ಲ: 'ಸಾಕಷ್ಟು ಅವಕಾಶ ನೀಡಲಾಗಿದೆ, ನಿರೀಕ್ಷಿತ ಫಲಿತಾಂಶ ಬಂದಿಲ್ಲ, ಕಡತ ಮುಕ್ತಾಯಗೊಳಿಸಬಹುದು.'

ಆದರೆ ಆ ಕಡತ ಮುಕ್ತಾಯವಾಗಲಿಲ್ಲ. ಅದೇ ಸಾತೊ 2017ರಲ್ಲಿ, ತಮ್ಮ ನಲವತ್ತನೆಯ ವಯಸ್ಸಿನಲ್ಲಿ, ಅಮೆರಿಕದ ಇಂಡಿಯಾನಾಪೊಲಿಸ್ 500 ಸ್ಪರ್ಧೆಯನ್ನು ಗೆದ್ದರು. 2020ರಲ್ಲಿ ಮತ್ತೊಮ್ಮೆ ಗೆದ್ದರು. 1911ರಲ್ಲಿ ಆರಂಭವಾದ ಆ ಸ್ಪರ್ಧೆಯನ್ನು ಅವರಿಗಿಂತ ಮೊದಲು ಏಷ್ಯಾದ ಯಾವ ಚಾಲಕರೂ ಗೆದ್ದಿರಲಿಲ್ಲ. ಮೋಟಾರು ಪಂದ್ಯದ ಗದ್ದಲ ಎಲ್ಲ ಓದುಗರಿಗೂ ಹಿಡಿಸುವಂಥದ್ದಲ್ಲ, ನಿಜ. ಆದರೂ ಈ ವೃತ್ತಿಜೀವನದಲ್ಲಿ ಪಂದ್ಯದ ಆಚೆಗೂ ಯೋಚಿಸಬೇಕಾದ ಪ್ರಶ್ನೆಯೊಂದಿದೆ. ಎಡವಿದವರಿಗೆ ಒಂದು ಸಂಸ್ಥೆ ಎಷ್ಟು ಸಲ ಅವಕಾಶ ಕೊಡಬೇಕು? ಯಾವ ಬಗೆಯ ಸೋಲನ್ನು ಅದು ಮನ್ನಿಸಬೇಕು?

ಸಾತೊ ಹುಟ್ಟಿದ್ದು 1977ರಲ್ಲಿ, ಟೋಕಿಯೊದಲ್ಲಿ. 1987ರಲ್ಲಿ ಸುಜುಕಾ ಪಥದಲ್ಲಿ ಮೊದಲ ಬಾರಿಗೆ ಫಾರ್ಮುಲಾ ಒನ್ ಪಂದ್ಯ ನಡೆದಾಗ ಹತ್ತು ವರ್ಷದ ಈ ಹುಡುಗ ಪ್ರೇಕ್ಷಕರ ನಡುವೆ ಇದ್ದ. ಸುಜುಕಾ ಪಥವನ್ನು ಹೋಂಡಾ ಕಂಪನಿ 1962ರಲ್ಲಿ ನಿರ್ಮಿಸಿತ್ತು. 1987 ಜಪಾನಿನ ಸತೋರು ನಾಕಾಜಿಮಾ ಅವರು ಹೋಂಡಾ ಎಂಜಿನ್ನಿನ ಲೋಟಸ್ ಕಾರಿನಲ್ಲಿ ಐರ್ಟನ್ ಸೆನ್ನಾ ಅವರ ಜೊತೆಗಾರರಾಗಿ ಓಡಿದ ವರ್ಷವೂ ಹೌದು. ಹುಡುಗನಿಗೆ ಆಸೆ ಹುಟ್ಟಿತು, ದಾರಿ ಕಾಣಲಿಲ್ಲ. ಈ ವೃತ್ತಿಯಲ್ಲಿ ಮುಂದೆ ಬರುವವರು ಸಾಮಾನ್ಯವಾಗಿ ಆರೇಳು ವರ್ಷಕ್ಕೇ ಗೋ-ಕಾರ್ಟ್ ಎಂಬ ಪುಟ್ಟ ಗಾಡಿ ಹಿಡಿದಿರುತ್ತಾರೆ. ಸಾತೊ ಹಿಡಿದದ್ದು ಸೈಕಲ್ಲನ್ನು. ಶಾಲಾ ದಿನಗಳಲ್ಲಿ ಸೈಕಲ್ ಸ್ಪರ್ಧೆಗಳಲ್ಲಿ ರಾಷ್ಟ್ರಮಟ್ಟದಲ್ಲಿ ಗೆದ್ದು, ವಾಸೆಡಾ ವಿಶ್ವವಿದ್ಯಾಲಯ ಸೇರಿದರು. ಗೋ-ಕಾರ್ಟ್ ಓಡಿಸಲು ತೊಡಗಿದ್ದು ಹತ್ತೊಂಬತ್ತರ ಹರೆಯದಲ್ಲಿ.

ಸುಜುಕಾದಲ್ಲಿ ಚಾಲಕರಿಗೆ ತರಬೇತಿ ನೀಡುವ ಶಾಲೆಯೊಂದಿತ್ತು. ಪ್ರವೇಶಕ್ಕೆ ಗರಿಷ್ಠ ವಯೋಮಿತಿ 20. ಅಂದರೆ 1997 ಅವರಿಗೆ ಮೊದಲ ಅವಕಾಶವೂ ಹೌದು, ಕೊನೆಯದೂ ಹೌದು. ಅಲ್ಲಿ ಅರ್ಜಿಯಲ್ಲಿ ನಮೂದಿಸಿದ ಅನುಭವ ನೋಡಿ ಅಭ್ಯರ್ಥಿಗಳನ್ನು ಆರಿಸುತ್ತಿದ್ದರು. ಸಾತೊ ಅವರಿಗೆ ಹೇಳಿಕೊಳ್ಳುವಂಥ ಅನುಭವವೇ ಇರಲಿಲ್ಲ. ಅವರು ಎದ್ದು ನಿಂತು, ಸಂದರ್ಶನಕ್ಕೂ ಅವಕಾಶ ಕೊಡಿ ಎಂದು ಕೇಳಿದರು. ಶಾಲೆಯವರು ಒಪ್ಪಿದರು. ನಿಯಮದಲ್ಲಿಲ್ಲದ ಬೇಡಿಕೆಯೊಂದನ್ನು ಕೇಳುವ ಧೈರ್ಯ ಒಬ್ಬ ವಿದ್ಯಾರ್ಥಿಗೆ ಇದ್ದುದು ದೊಡ್ಡದೋ, ಅದನ್ನು ಮನ್ನಿಸುವ ಔದಾರ್ಯ ಸಂಸ್ಥೆಗೆ ಇದ್ದುದು ದೊಡ್ಡದೋ, ತೀರ್ಮಾನಿಸುವುದು ಸುಲಭವಲ್ಲ. ಆ ವರ್ಷದ ಶಿಷ್ಯವೇತನವನ್ನು ಅವರೇ ಗೆದ್ದರು.

1998ರಲ್ಲಿ ಅವರು ಇಂಗ್ಲೆಂಡಿಗೆ ಹೊರಟರು. ಭಾಷೆ ಕಲಿತರು, ಕೆಳಹಂತದ ಪಂದ್ಯಗಳಲ್ಲಿ ಓಡಿದರು. 2001ರಲ್ಲಿ ಹನ್ನೆರಡು ಸ್ಪರ್ಧೆಗಳನ್ನು ಗೆದ್ದು ಬ್ರಿಟಿಷ್ ಫಾರ್ಮುಲಾ ಥ್ರೀ ಚಾಂಪಿಯನ್ ಆದರು. ಜಪಾನೀಯರೊಬ್ಬರು ಆ ಪಟ್ಟ ಪಡೆದದ್ದು ಅದೇ ಮೊದಲು. ಮರುವರ್ಷ ಜೋರ್ಡನ್ ತಂಡದ ಮೂಲಕ ಫಾರ್ಮುಲಾ ಒನ್ ಪ್ರವೇಶ. ಆಸ್ಟ್ರಿಯಾದಲ್ಲಿ ನಿಕ್ ಹೈಡ್‌ಫೆಲ್ಡ್ ಅವರ ಕಾರು ಹತೋಟಿ ತಪ್ಪಿ ಬಂದು ಸಾತೊ ಅವರ ಕಾರಿನ ಪಕ್ಕಕ್ಕೆ ಅಪ್ಪಳಿಸಿತು. ನೋಡಿದವರು ಪ್ರಾಣದ ಆಸೆ ಬಿಟ್ಟಿದ್ದರು. ಅವರು ಕಾಲಿನ ಗಾಯದೊಂದಿಗೆ ಪಾರಾದರು. ಅದೇ ವರ್ಷ, ಬಾಲ್ಯದಲ್ಲಿ ಕನಸು ಕಂಡ ಸುಜುಕಾದಲ್ಲೇ ಐದನೆಯ ಸ್ಥಾನ ಗಳಿಸಿದರು.

2004 ಅವರ ಫಾರ್ಮುಲಾ ಒನ್ ಬದುಕಿನ ಶಿಖರ. ಬಿಎಆರ್-ಹೋಂಡಾ ತಂಡದಲ್ಲಿ ಜೆನ್ಸನ್ ಬಟನ್ ಅವರ ಜೊತೆಗಾರರಾಗಿದ್ದ ಸಾತೊ, ಜರ್ಮನಿಯ ನ್ಯೂರ್‌ಬರ್ಗ್‌ರಿಂಗ್‌ನಲ್ಲಿ ಮೊದಲ ಸಾಲಿನಿಂದ ಹೊರಟರು. ಫೆರಾರಿಯ ರುಬೆನ್ಸ್ ಬ್ಯಾರಿಕೆಲ್ಲೊ ಅವರನ್ನು ತಿರುವೊಂದರಲ್ಲಿ ಹಿಂದಿಕ್ಕಲು ನುಗ್ಗಿ ಕಾರಿನ ಮೂತಿ ಮುರಿದುಕೊಂಡರು. ಬಳಿಕ ಎಂಜಿನ್ನೂ ಕೈಕೊಟ್ಟಿತು. ಕಾದಿದ್ದರೆ ಮೂರನೆಯ ಸ್ಥಾನ ಸಿಗುತ್ತಿತ್ತು ಎಂದು ಟೀಕೆ ಬಂತು. ಮೂರು ವಾರಗಳ ಬಳಿಕ ಇಂಡಿಯಾನಾಪೊಲಿಸ್‌ನಲ್ಲಿ ಅದೇ ಧಾಟಿಯಲ್ಲಿ ಓಡಿ ಮೂರನೆಯವರಾದರು. 2025ರ ಕೊನೆಯವರೆಗಿನ ಲೆಕ್ಕ ತೆಗೆದರೆ, ಜಪಾನಿನ ಮೂವರು ಮಾತ್ರ ಫಾರ್ಮುಲಾ ಒನ್ ವಿಜಯವೇದಿಕೆ ಏರಿದ್ದಾರೆ: 1990ರಲ್ಲಿ ಅಗುರಿ ಸುಜುಕಿ, 2004ರಲ್ಲಿ ಸಾತೊ, 2012ರಲ್ಲಿ ಕಮುಯಿ ಕೊಬಯಾಷಿ. ಮೂವರದೂ ಮೂರನೆಯ ಸ್ಥಾನವೇ.

ಶಿಖರದ ಬೆನ್ನಿಗೇ ಇಳಿಜಾರು. 2005ರಲ್ಲಿ ಇಡೀ ವರ್ಷಕ್ಕೆ ಒಂದೇ ಅಂಕ ಬಂತು. ತಂಡ ಅವರನ್ನು ಕೈಬಿಟ್ಟಿತು. ಅಗುರಿ ಸುಜುಕಿ ಅವರು ಹೋಂಡಾ ಎಂಜಿನ್ನಿನ ನೆರವಿನಿಂದ ತರಾತುರಿಯಲ್ಲಿ ಕಟ್ಟಿದ ಪುಟ್ಟ ತಂಡವೊಂದು ಅವರಿಗೆ ಆಸರೆಯಾಯಿತು. ಅದರ ಮೊದಲ ಕಾರು, ಮುಚ್ಚಿಹೋಗಿದ್ದ ಆ್ಯರೋಸ್ ತಂಡದ 2002ರ ಕಾರನ್ನೇ ತಿದ್ದಿ ರೂಪಿಸಿದ್ದು. ಅಂಥ ಬಡ ತಂಡದ ಕಾರಿನಲ್ಲಿ 2007ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ, ಎರಡು ಬಾರಿಯ ವಿಶ್ವ ಚಾಂಪಿಯನ್ ಫರ್ನಾಂಡೊ ಅಲೊನ್ಸೊ ಅವರ ಮೆಕ್‌ಲಾರೆನ್ ಕಾರನ್ನು ಹಿಂದಿಕ್ಕಿ ಆರನೆಯವರಾದರು. 2008ರ ಮೇ ತಿಂಗಳಲ್ಲಿ ಹಣವಿಲ್ಲದೆ ಆ ತಂಡವೂ ಮುಚ್ಚಿತು. ಮೂವತ್ತೊಂದರ ಸಾತೊ ನಿರುದ್ಯೋಗಿಯಾದರು. 2009ರಲ್ಲಿ ಅವರಿಗೆ ಸ್ಪರ್ಧಿಸಲು ಕಾರೇ ಇರಲಿಲ್ಲ.

2010ರಲ್ಲಿ ಅವರು ಅಮೆರಿಕದ ಇಂಡಿಕಾರ್ ಪಂದ್ಯಗಳಿಗೆ ಹೋದರು. ಇಂಡಿಯಾನಾಪೊಲಿಸ್ 500 ಎಂದರೆ ಎರಡೂವರೆ ಮೈಲಿಯ ಅಂಡಾಕಾರದ ಪಥದಲ್ಲಿ 33 ಕಾರುಗಳು 200 ಸುತ್ತು ಹಾಕುವ, ಗಂಟೆಗೆ 350 ಕಿಲೋಮೀಟರಿಗೂ ಮೀರಿದ ವೇಗದ ಸ್ಪರ್ಧೆ. 2012ರಲ್ಲಿ ಅದರ ಕೊನೆಯ ಸುತ್ತಿಗೆ ಬಂದಾಗ ಸಾತೊ ಎರಡನೆಯವರಾಗಿದ್ದರು. ಮುಂದಿದ್ದವರು ಡಾರಿಯೊ ಫ್ರಾಂಕಿಟ್ಟಿ. ಮೊದಲ ತಿರುವಿನಲ್ಲಿ ಒಳಬದಿಯ ಕಿರಿದಾದ ಜಾಗಕ್ಕೆ ಸಾತೊ ನುಗ್ಗಿದರು. ಕಾರು ತಿರುಗಿ ಗೋಡೆಗೆ ಬಡಿಯಿತು. ಫ್ರಾಂಕಿಟ್ಟಿ ಗೆದ್ದರು. ಸಾತೊ ಅವರಿಗೆ ಎರಡನೆಯ ಸ್ಥಾನವೂ ದಕ್ಕಲಿಲ್ಲ. ಆಕ್ರಮಣವಿಲ್ಲದೆ ಅವಕಾಶವಿಲ್ಲ ಎಂಬುದು ಅವರು ಸದಾ ಹೇಳುವ ಮಾತು. ಆ ದಿನ ಅದರ ಬೆಲೆ ತೆತ್ತರು.

ಸರ್ಕಾರಿ ಸೇವೆಯಲ್ಲಿ ನಾನು ನೂರಾರು ಗೋಪ್ಯ ವರದಿಗಳನ್ನು ಓದಿದ್ದೇನೆ, ಬರೆದೂ ಇದ್ದೇನೆ. 'ಯಾವುದೇ ಆಕ್ಷೇಪಣೆಗಳಿಲ್ಲ' ಎಂಬುದು ಅಲ್ಲಿ ದೊಡ್ಡ ಪ್ರಶಂಸೆ. ನಿರ್ಧಾರವನ್ನೇ ಕೈಗೊಳ್ಳದವನ ದಾಖಲೆ ಸದಾ ಶುಭ್ರ. ಹತ್ತು ನಿರ್ಧಾರ ಕೈಗೊಂಡು ಒಂದರಲ್ಲಿ ಎಡವಿದವನಿಗೆ ವಿವರಣೆ ಕೇಳುವ ನೋಟಿಸು ಖಾತ್ರಿ. ಎಲ್ಲ ಕೆಲಸಕ್ಕೂ ಸಾಹಸ ಬೇಕೆಂದು ನಾನು ವಾದಿಸುತ್ತಿಲ್ಲ. ಅಣೆಕಟ್ಟಿನ ಬಾಗಿಲು ಕಾಯುವವನು, ಊರಿಗೆ ಕುಡಿಯುವ ನೀರು ಬಿಡುವವನು ಎಚ್ಚರದಿಂದಿದ್ದರೆ ಸಾಕು. ಅಲ್ಲಿ ಒಂದು ತಪ್ಪು ನೂರು ಒಳ್ಳೆಯ ದಿನಗಳನ್ನು ನುಂಗಿಬಿಡುತ್ತದೆ. ಆದರೆ ಹೊಸ ಉದ್ಯಮ, ವಿಜ್ಞಾನದ ಸಂಶೋಧನೆ, ಕ್ರೀಡೆ ಮುಂತಾದ ಕ್ಷೇತ್ರಗಳ ಲೆಕ್ಕಾಚಾರ ಬೇರೆ. ಅಲ್ಲಿ ಒಂದು ಗೆಲುವು ಹತ್ತು ಸೋಲುಗಳ ಸಾಲ ತೀರಿಸುತ್ತದೆ. ಅರ್ಥಶಾಸ್ತ್ರದ ವಿದ್ಯಾರ್ಥಿ ಮೊದಲು ಕಲಿಯುವ ಪಾಠಗಳಲ್ಲಿ ಒಂದು, ಸರಾಸರಿ ಎಂಬುದು ಎಲ್ಲೆಡೆಯೂ ಸರಿಯಾದ ಅಳತೆಗೋಲಲ್ಲ ಎಂಬುದು. ಸಾತೊ ಅವರನ್ನು ಸರಾಸರಿಯಿಂದ ಅಳೆದಿದ್ದರೆ 2012ರ ಆ ಗೋಡೆಯೇ ಅವರ ವೃತ್ತಿಯ ಕೊನೆಯ ಪುಟವಾಗುತ್ತಿತ್ತು.

ಇದಕ್ಕೊಂದು ಪ್ರತಿವಾದವಿದೆ, ಅದನ್ನು ಮುಚ್ಚಿಡಬಾರದು. ಫಾರ್ಮುಲಾ ಒನ್‌ನಲ್ಲಾಗಲಿ ಇಂಡಿಕಾರ್‌ನಲ್ಲಾಗಲಿ ಸಾತೊ ಸ್ಪರ್ಧಿಸಿದ ಕಾರುಗಳಲ್ಲೆಲ್ಲ ಇದ್ದದ್ದು ಹೋಂಡಾ ಎಂಜಿನ್. ಅಂದ ಮೇಲೆ ಅವರ ಸ್ಥಾನ ಪ್ರತಿಭೆಯದೋ, ಕಂಪನಿಯ ಕೃಪೆಯದೋ ಎಂಬ ಪ್ರಶ್ನೆ ಸಹಜ. ಸ್ವದೇಶಿ ಕಂಪನಿಯ ಬೆಂಬಲವಿಲ್ಲದ ಅನೇಕ ಯುವಕರು ಒಂದೇ ಸೋಲಿಗೆ ಮನೆಗೆ ಮರಳಿದ್ದಾರೆ. ನನ್ನ ಮಟ್ಟಿಗೆ ಕೃಪೆಗೂ ಹೂಡಿಕೆಗೂ ಇರುವ ಅಂತರ ಇಷ್ಟು: ಕೃಪೆ ಸ್ಪರ್ಧೆಯಿಂದ ರಕ್ಷಿಸುತ್ತದೆ, ಹೂಡಿಕೆ ಮತ್ತೆ ಮತ್ತೆ ಸ್ಪರ್ಧೆಗೆ ಒಡ್ಡುತ್ತದೆ. ಹೋಂಡಾ ಎಂಜಿನ್ ಸಾತೊ ಅವರಿಗೆ ಕೊಟ್ಟದ್ದು ಓಡುವ ಅವಕಾಶವನ್ನು, ಗೆಲುವನ್ನಲ್ಲ. ಅದೇ ಎಂಜಿನ್ ಅವರ ಎದುರಾಳಿಗಳ ಕಾರುಗಳಲ್ಲೂ ಇತ್ತು.

2013ರ ಏಪ್ರಿಲ್‌ನಲ್ಲಿ ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್‌ನಲ್ಲಿ, ಎ.ಜೆ. ಫಾಯ್ಟ್ ಅವರ ತಂಡದ ಪರವಾಗಿ ಓಡಿ, ಇಂಡಿಕಾರ್ ಸ್ಪರ್ಧೆ ಗೆದ್ದ ಮೊದಲ ಜಪಾನೀಯರಾದರು. ನಂತರ ನಾಲ್ಕು ವರ್ಷ ಗೆಲುವೇ ಇಲ್ಲ. 2017ರ ಮೇ 28ರಂದು ಆಂಡ್ರೆಟ್ಟಿ ತಂಡದ ಕಾರಿನಲ್ಲಿ, ಕೊನೆಯ ಕೆಲವು ಸುತ್ತುಗಳಿರುವಾಗ, ಅದಾಗಲೇ ಮೂರು ಸಲ ಈ ಸ್ಪರ್ಧೆ ಗೆದ್ದಿದ್ದ ಎಲಿಯೊ ಕ್ಯಾಸ್ಟ್ರೊನೆವೆಸ್ ಅವರನ್ನು ಹಿಂದಿಕ್ಕಿದರು. ಗೆಲುವಿನ ಅಂತರ 0.2011 ಸೆಕೆಂಡು. ಈ ಸ್ಪರ್ಧೆ ನಡೆಯುವುದು ಅಮೆರಿಕನ್ನರು ಯುದ್ಧದಲ್ಲಿ ಮಡಿದ ಸೈನಿಕರನ್ನು ನೆನೆಯುವ ವಾರಾಂತ್ಯದಲ್ಲಿ. ಅಂಥ ದಿನಗಳಲ್ಲಿ ಜಪಾನೀಯರೊಬ್ಬರು ಗೆದ್ದದ್ದು ಇರುಸುಮುರುಸು ತಂದಿದೆ ಎಂದು ಡೆನ್ವರ್‌ನ ಪತ್ರಿಕೆಯೊಂದರ ಕ್ರೀಡಾ ಬರಹಗಾರರು ಸಾರ್ವಜನಿಕವಾಗಿ ಹೇಳಿಕೊಂಡರು. ಪತ್ರಿಕೆ ಕ್ಷಮೆ ಕೇಳಿ ಅವರನ್ನು ಕೆಲಸದಿಂದ ತೆಗೆಯಿತು. ಗೆದ್ದವರ ಮುಖವನ್ನು ಕೆತ್ತಿ ಅಂಟಿಸುವ ಬೋರ್ಗ್-ವಾರ್ನರ್ ಪಾರಿತೋಷಕದ ಮೇಲೆ ಸಾತೊ ಅವರ ಮುಖವೂ ಸೇರಿತು. ಆ ಪಾರಿತೋಷಕ ಜಪಾನಿಗೂ ಹೋಗಿಬಂತು.

ಅವರ ಆಕ್ರಮಣಶೀಲತೆ ವಿವಾದಗಳನ್ನೂ ತಂದಿತು. 2019ರ ಆಗಸ್ಟ್‌ನಲ್ಲಿ ಪೋಕೊನೊ ಪಥದಲ್ಲಿ ಹಲವು ಕಾರುಗಳು ಸಿಲುಕಿದ ಅಪಘಾತಕ್ಕೆ ಸಾತೊ ಅವರೇ ಕಾರಣವೆಂದು ಸಹಸ್ಪರ್ಧಿಗಳು ದೂರಿದರು. ಕಾರಿನ ದಾಖಲೆಗಳನ್ನು ಮುಂದಿಟ್ಟು ತಂಡ ಅವರ ಬೆನ್ನಿಗೆ ನಿಂತಿತು. ಮುಂದಿನ ವಾರವೇ ಗೇಟ್‌ವೇಯಲ್ಲಿ ಅವರು ಗೆದ್ದರು. 2020ರ ಆಗಸ್ಟ್ 23ರಂದು, ಕೋವಿಡ್ ಕಾರಣದಿಂದ ಪ್ರೇಕ್ಷಕರೇ ಇಲ್ಲದ ಇಂಡಿಯಾನಾಪೊಲಿಸ್‌ನಲ್ಲಿ, ಸ್ಕಾಟ್ ಡಿಕ್ಸನ್ ಅವರನ್ನು ಹಿಂದಿಕ್ಕಿ ಎರಡನೆಯ ಸಲ ಗೆದ್ದಾಗ ಅವರ ವಯಸ್ಸು 43. ಕೊನೆಯಲ್ಲಿ ಇನ್ನೊಂದು ಕಾರಿನ ಅಪಘಾತದಿಂದಾಗಿ ಎಚ್ಚರಿಕೆಯ ಬಾವುಟದಡಿ ಸ್ಪರ್ಧೆ ಮುಗಿಯಿತು. ಹಾಗಾಗದಿದ್ದರೆ ಅವರ ಇಂಧನ ಸಾಕಾಗುತ್ತಿತ್ತೇ ಎಂಬ ಚರ್ಚೆ ನಡೆಯಿತು. ಅಷ್ಟು ಸೋಲುಗಳಲ್ಲಿ ಪಾಲು ಪಡೆದಿದ್ದ ಅದೃಷ್ಟಕ್ಕೆ ಒಂದು ಗೆಲುವಿನಲ್ಲೂ ಪಾಲಿದ್ದರೆ ತಪ್ಪೇನೂ ಇಲ್ಲ.

ನಮ್ಮ ದೇಶದ ಒಂದು ಹೋಲಿಕೆ ಇಲ್ಲಿ ಅಪ್ರಸ್ತುತವಾಗದು. 2000ದ ಬ್ರಿಟಿಷ್ ಫಾರ್ಮುಲಾ ಥ್ರೀಯಲ್ಲಿ ಸಾತೊ ಅವರೊಡನೆ ಸ್ಪರ್ಧಿಸಿದವರಲ್ಲಿ ಕೊಯಮತ್ತೂರಿನ ನಾರಾಯಣ್ ಕಾರ್ತಿಕೇಯನ್ ಒಬ್ಬರು. ಅವರು 2005ರಲ್ಲಿ ಜೋರ್ಡನ್ ತಂಡದಿಂದಲೇ ಫಾರ್ಮುಲಾ ಒನ್ ಪ್ರವೇಶಿಸಿದ ಮೊದಲ ಭಾರತೀಯರಾದರು. ವೇಗದಲ್ಲಿ ಅವರು ಕಡಿಮೆಯವರಾಗಿರಲಿಲ್ಲ. ಅವರ ಬೆನ್ನಿಗಿದ್ದದ್ದು ಪ್ರಾಯೋಜಕರ ಹಣ. ಪಥ, ಶಾಲೆ, ಎಂಜಿನ್ ಮೂರನ್ನೂ ಬೆಸೆದ ವ್ಯವಸ್ಥೆಯಲ್ಲ. ಒಂದೇ ಪೂರ್ಣ ಋತುವಿನ ನಂತರ ಅವರ ಸ್ಥಾನ ಹೋಯಿತು. ಮತ್ತೆ ಮರಳಲು 2011 ಬರಬೇಕಾಯಿತು. ಅದೇ ವರ್ಷ ಗ್ರೇಟರ್ ನೊಯ್ಡಾದಲ್ಲಿ ನಾವು ಭರ್ಜರಿ ಪಥ ಕಟ್ಟಿದೆವು. ಮೂರು ಫಾರ್ಮುಲಾ ಒನ್ ಪಂದ್ಯಗಳಾದ ಮೇಲೆ ತೆರಿಗೆಯ ತಕರಾರಿನ ನಡುವೆ ಅವು ನಿಂತವು. ನಾವು ಕಟ್ಟಿದ್ದು ಪಂದ್ಯಕ್ಕೊಂದು ವೇದಿಕೆಯನ್ನು. ಜಪಾನೀಯರು ಕಟ್ಟಿದ್ದು ಆ ವೇದಿಕೆಗೆ ಹತ್ತುವ ಮೆಟ್ಟಿಲುಗಳನ್ನು.

ಆ ಮೆಟ್ಟಿಲುಗಳ ಹೊಣೆ 2019ರಲ್ಲಿ ಸಾತೊ ಅವರ ಹೆಗಲಿಗೇ ಬಂತು. ಸುಜುಕಾದ ಶಾಲೆ ತನ್ನ ಹಳೆಯ ವಿದ್ಯಾರ್ಥಿಯನ್ನು ಪ್ರಾಂಶುಪಾಲರನ್ನಾಗಿ ನೇಮಿಸಿತು. ಅದಕ್ಕೂ ಮೊದಲೇ, 2011ರ ಭೂಕಂಪ ಮತ್ತು ಸುನಾಮಿಯ ನಂತರ, ಸಂತ್ರಸ್ತ ಮಕ್ಕಳಿಗಾಗಿ ನೆರವಿನ ಯೋಜನೆಯೊಂದನ್ನು ಹುಟ್ಟುಹಾಕಿ, ಆ ಮಕ್ಕಳ ಕೈಗೆ ಗೋ-ಕಾರ್ಟ್ ಕೊಟ್ಟವರು ಅವರು. 2025ರಲ್ಲಿ, 48ರ ವಯಸ್ಸಿನಲ್ಲೂ, ಇಂಡಿಯಾನಾಪೊಲಿಸ್ 500ರ ಮೊದಲ ಸಾಲಿನಿಂದ ಹೊರಟು ಅನೇಕ ಸುತ್ತುಗಳ ಕಾಲ ಮುಂಚೂಣಿಯಲ್ಲಿದ್ದರು. ಆ ಸಲ ಗೆಲ್ಲಲಿಲ್ಲ.

ವಯೋಮಿತಿ, ಅರ್ಹತಾ ಪಟ್ಟಿ, ಅನುಭವದ ಪ್ರಮಾಣಪತ್ರ ಇವೆಲ್ಲ ಆಡಳಿತಕ್ಕೆ ಅನಿವಾರ್ಯ. ಅವುಗಳಿಲ್ಲದೆ ಆಯ್ಕೆ ಎಂಬುದು ಶಿಫಾರಸಿನ ಸಂತೆಯಾಗುತ್ತದೆ. ಆದರೆ ಕಾಗದದಲ್ಲಿ ಕಾಣದ ಯೋಗ್ಯತೆಯೂ ಇರುತ್ತದೆ ಎಂಬ ಅರಿವು ಆಯ್ಕೆ ಮಾಡುವವರಿಗೆ ಇರಬೇಕು. 1997ರಲ್ಲಿ ಸುಜುಕಾದ ಶಾಲೆ 'ನಿಯಮದಲ್ಲಿ ಅವಕಾಶವಿಲ್ಲ' ಎಂದು ಹೇಳಿದ್ದರೆ ಅದನ್ನು ಯಾರೂ ತಪ್ಪೆನ್ನುತ್ತಿರಲಿಲ್ಲ. ಕಳೆದುಕೊಂಡದ್ದು ಏನೆಂದು ಶಾಲೆಗೂ ತಿಳಿಯುತ್ತಿರಲಿಲ್ಲ. ನಮ್ಮ ಕಚೇರಿಗಳಲ್ಲಿ, ಕಾಲೇಜುಗಳಲ್ಲಿ, ಆಯ್ಕೆ ಸಮಿತಿಗಳಲ್ಲಿ ಹೀಗೆ ತಿಳಿಯದೆಯೇ ಕಳೆದುಹೋದವರ ಲೆಕ್ಕವನ್ನು ಯಾವ ಲೆಕ್ಕಪರಿಶೋಧಕರೂ ಕೇಳುವುದಿಲ್ಲ.